ಪ್ಯಾರಿಸ್-ರೂಬೇ: ಗೆಲ್ಲುವವರನ್ನು ಊಹಿಸುವುದು ಹೇಗೆ?

ಪ್ರಶ್ನೆ: ನಾನು ವಿಜಯಪುರದವನು. ನಮ್ಮ ಸೈಕ್ಲಿಂಗ್ ಗೆಳೆಯರ ಗುಂಪಿನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಒಂದು ಆಟ. ಫ್ರಾನ್ಸಿನ ಪ್ಯಾರಿಸ್-ರೂಬೇ ರೇಸಿನಲ್ಲಿ ಮೊದಲ ಮೂರು ಸ್ಥಾನ ಯಾರಿಗೆ ಅಂತ ಮೊದಲೇ ಬರೆದು ಕೊಡಬೇಕು. ನಾನು ಹಿಂದಿನ ವಾರದ ಟೂರ್ ಆಫ್ ಫ್ಲಾಂಡರ್ಸ್ ಫಲಿತಾಂಶವನ್ನೇ ಬರೆಯುತ್ತೇನೆ. ಅದೂ ಕಲ್ಲುಹಾಸಿನ ರೇಸೇ ಅಲ್ವಾ? 2025ರಲ್ಲಿ ಮೂರು ಹೆಸರೂ ಸರಿಯಿದ್ದವು, ಗೆದ್ದವರು ಮಾತ್ರ ಬೇರೆ. ಅದರ ಹಿಂದಿನ ಎರಡು ವರ್ಷ ಒಂದೊಂದೇ ಹೆಸರು ಸಿಕ್ಕಿತು. ನನ್ನ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಉತ್ತರ: ಫ್ಲಾಂಡರ್ಸ್ ನೋಡುವುದು ತಪ್ಪಲ್ಲ. ಯಾರ ಕಾಲಲ್ಲಿ ಈಗ ಬಲ ಇದೆ ಅಂತ ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಅಲ್ಲಿ ಗೆಲುವು ತೀರ್ಮಾನವಾಗುವುದು ಔಡೆ ಕ್ವಾರೆಮಾಂಟ್, ಪಾಟರ್‌ಬರ್ಗ್‌ನಂಥ ಏರುಗಳಲ್ಲಿ. ರೂಬೇ ದಾರಿ ಹೆಚ್ಚುಕಡಿಮೆ ಸಪಾಟು. ಏರಿನಲ್ಲಿ ಎಲ್ಲರನ್ನೂ ಹಿಂದೆ ಹಾಕುವ ಹಗುರ ಮೈಯವರಿಗೆ ಇಲ್ಲಿ ಆ ಲಾಭ ಸಿಗುವುದಿಲ್ಲ. ಕಲ್ಲಿನ ಮೇಲೆ ಬಹಳ ಹೊತ್ತು ಒಂದೇ ಸಮ ತುಳಿಯಬಲ್ಲ ಗಟ್ಟಿ ಮೈಕಟ್ಟಿನವರ ರೇಸ್ ಇದು.

ನೀವು ಹೇಳಿದ 2025ನ್ನೇ ನೋಡಿ. ಫ್ಲಾಂಡರ್ಸ್ ಗೆದ್ದ ತಾದೇಯ್ ಪೊಗಾಚಾರ್‌ಗೆ ರೂಬೇ ಅದೇ ಮೊದಲ ಸಲ. ಆದರೂ ಮ್ಯಾಥ್ಯೂ ವಾನ್ ಡರ್ ಪೂಲ್ ಜೊತೆ ಮುಂದೆಯೇ ಇದ್ದರು. ಸುಮಾರು 38 ಕಿ.ಮೀ. ಉಳಿದಿದ್ದಾಗ ಒಂದು ತಿರುವಿಗೆ ಜಾಸ್ತಿ ವೇಗದಲ್ಲಿ ನುಗ್ಗಿ ಬಿದ್ದರು. ವಾನ್ ಡರ್ ಪೂಲ್ ಸತತ ಮೂರನೇ ಸಲ ಗೆದ್ದರು, ಪೊಗಾಚಾರ್ ಎರಡನೆಯವರಾದರು. ಆ ದಾರಿಯ ತಿರುವುಗಳ ಪರಿಚಯ ಒಬ್ಬರಿಗೆ ವರ್ಷಗಳದ್ದು, ಇನ್ನೊಬ್ಬರಿಗೆ ಹೊಸದು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಫ್ಲಾಂಡರ್ಸ್ ಪಕ್ಕ ಇನ್ನೊಂದು ಕಾಲಂ ಇರಲಿ: ಹಿಂದಿನ ವರ್ಷಗಳಲ್ಲಿ ಇವರು ರೂಬೇಯಲ್ಲಿ ಎಷ್ಟನೆಯವರಾಗಿ ಬಂದರು?

ಈಗ ದಾರಿಯ ವಿಷಯ. ಹೆಸರಿನಲ್ಲಿ ಪ್ಯಾರಿಸ್ ಇದ್ದರೂ 1977ರಿಂದ ರೇಸ್ ಶುರುವಾಗುವುದು ಕಾಂಪಿಯೆನ್ ಊರಿನಿಂದ. ಒಟ್ಟು ಸುಮಾರು 260 ಕಿ.ಮೀ. ಅದರಲ್ಲಿ 55 ಕಿ.ಮೀ. ಆಸುಪಾಸು ಕಲ್ಲುಹಾಸು, 30ರಷ್ಟು ತುಂಡುಗಳಾಗಿ ಬರುತ್ತದೆ. ಒರಟುತನ ನೋಡಿ ಒಂದೊಂದಕ್ಕೂ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಐದು ನಕ್ಷತ್ರ ಇರುವುದು ಆರೆನ್‌ಬರ್ಗ್, ಮಾನ್ಸ್-ಆನ್-ಪೆವೆಲ್, ಕಾರ್ಫೂರ್ ದ ಲಾರ್ಬ್ರ್, ಈ ಮೂರಕ್ಕೆ ಮಾತ್ರ. ಆರೆನ್‌ಬರ್ಗ್ ಬರುವಾಗ ಇನ್ನೂ ಸುಮಾರು 95 ಕಿ.ಮೀ. ಬಾಕಿ ಇರುತ್ತದೆ. ಅಲ್ಲಿ ಯಾರೂ ಗೆಲ್ಲುವುದಿಲ್ಲ, ಆದರೆ ಎಷ್ಟೋ ಜನ ಸೋಲುತ್ತಾರೆ. ಹಿಂದೆ ಸಿಕ್ಕಿಕೊಂಡವರ ಮುಂದೆ ಯಾರಾದರೂ ಬಿದ್ದರೆ ಮುಗಿಯಿತು, ಕಿರಿದಾದ ಆ ಕಾಡುದಾರಿಯಲ್ಲಿ ಪಕ್ಕಕ್ಕೆ ಸರಿಯಲು ಜಾಗವಿಲ್ಲ.

ಪಂಕ್ಚರ್ ಬೇರೆ. 2023ರಲ್ಲಿ ಕಾರ್ಫೂರ್ ದ ಲಾರ್ಬ್ರ್‌ನಲ್ಲಿ ವೌಟ್ ವಾನ್ ಆರ್ಟ್ ಟೈರ್ ಹೋಯಿತು. ಗೆಲ್ಲುವ ಹಂತದಲ್ಲಿದ್ದವರು ಮೂರನೆಯವರಾದರು. ಅದಕ್ಕೇ ಎಷ್ಟೇ ದೊಡ್ಡ ಹೆಸರಾದರೂ ನಾನು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಅವಕಾಶ ಕೊಡುವುದಿಲ್ಲ.

ಉಳಿದ ಅರವತ್ತು ಎಲ್ಲಿಗೆ ಹೋಗುತ್ತದೆ? ಇದಕ್ಕೆ 2016ರ ರೇಸನ್ನು ಬಿಟ್ಟು ಬೇರೆ ಉದಾಹರಣೆ ಬೇಡ. ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಮನ್‌ಗೆ ಆಗ 37 ವರ್ಷ. ವೃತ್ತಿಯ ಉದ್ದಕ್ಕೂ ಬೇರೆಯವರ ಗೆಲುವಿಗಾಗಿ ದುಡಿದ ಸವಾರ. ಫೆಬ್ರವರಿ ಕೊನೆಯಲ್ಲಿ ಬಿದ್ದು ಕೈಮೂಳೆ ಮುರಿದಿತ್ತು. ಮನೆಯಲ್ಲೇ, ನಿಂತಲ್ಲೇ ಸೈಕಲ್ ತುಳಿಯುವ ಟ್ರೈನರ್ ಯಂತ್ರದ ಮೇಲೆ ತುಳಿದು ತಯಾರಾದರು. ಅಂದು ಬೇಗನೇ ಮುಂದೆ ಹೋದ ಗುಂಪಿನಲ್ಲಿ ಸೇರಿಕೊಂಡರು. ಹಿಂದೆ ಫೇವರಿಟ್‌ಗಳಾದ ಪೀಟರ್ ಸಗಾನ್, ಫಾಬಿಯನ್ ಕಾನ್ಸೆಲಾರಾ ಬಿದ್ದವರ ಹಿಂದೆ ಸಿಕ್ಕಿಹಾಕಿಕೊಂಡರು. ಟಾಮ್ ಬೂನನ್ ಹಿಂದಿನಿಂದ ಬಂದು ಹೇಮನ್ ಇದ್ದ ಗುಂಪನ್ನು ಮುಟ್ಟಿದರು. ಐದನೇ ಗೆಲುವು ಸಿಕ್ಕಿದ್ದರೆ ಅದು ಬೂನನ್ ಹೆಸರಿನಲ್ಲಿ ದಾಖಲೆಯಾಗುತ್ತಿತ್ತು. ಐದು ಜನ ಒಟ್ಟಿಗೆ ರೇಸ್ ಮುಗಿಯುವ ರೂಬೇಯ ವೆಲೊಡ್ರೋಮ್‌ಗೆ, ಅಂದರೆ ಸೈಕಲ್ ಟ್ರ್ಯಾಕಿಗೆ ಬಂದರು. ಸ್ಪ್ರಿಂಟ್‌ನಲ್ಲಿ ಹೇಮನ್ ಗೆದ್ದರು! ಅದು ಅವರ ಹದಿನೈದನೇ ರೂಬೇ. ಆ ಮುಖದ ಮೇಲಿನ ನಂಬಲಾಗದ ಭಾವ ಈಗ ನೋಡಿದರೂ ನನಗೆ ಕಣ್ಣು ತುಂಬುತ್ತದೆ.

ಸುಮ್ನೆ ಅದೃಷ್ಟ ಅನ್ನಬೇಡಿ. ಬೇಗ ಮುಂದೆ ಹೋದವರಿಗೆ ಆರೆನ್‌ಬರ್ಗ್‌ಗೆ ಮುಂಚಿನ ನೂಕುನುಗ್ಗಲು ಇರುವುದಿಲ್ಲ. ಹಿಂದೆ ಫೇವರಿಟ್‌ಗಳು ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತರೆ ಮುಂದಿನವರಿಗೆ ಸಮಯ ಸಿಗುತ್ತದೆ. 2011ರಲ್ಲಿ ಎಲ್ಲರ ಕಣ್ಣು ಕಾನ್ಸೆಲಾರಾ ಮೇಲಿದ್ದಾಗ ಯೋಹಾನ್ ವಾನ್‌ಸಮರನ್ ಗೆದ್ದದ್ದೂ ಹೀಗೇ.

ಹಾಗಾಗಿ ನಿಮ್ಮ ಮೂರು ಹೆಸರು ಹೀಗಿರಲಿ. ಒಂದು, ಎಲ್ಲರೂ ಹೇಳುವ ಫೇವರಿಟ್. ಎರಡು, ರೂಬೇಯಲ್ಲಿ ಹಲವು ಸಲ ಮೊದಲ ಹತ್ತರೊಳಗೆ ಬಂದವರು. ಮೂರು, ಬಲವಾದ ತಂಡದ ಎರಡನೇ ಆಳು. ಇಂಥವರು ಹೇಮನ್ ಹಾಗೆ ಬೇಗ ಮುಂದೆ ಹೋಗಬಹುದು; ಇಲ್ಲವೇ ನಾಯಕ ಮುಂದೆ ಹೋದರೆ ಇವರು ಹಿಂದಿನ ಗುಂಪಿನಲ್ಲಿ ದಣಿಯದೆ ಉಳಿದಿರುತ್ತಾರೆ. 2023 ಮತ್ತು 2024ರಲ್ಲಿ ವಾನ್ ಡರ್ ಪೂಲ್ ಗೆದ್ದಾಗ ಎರಡನೇ ಸ್ಥಾನ ಅವರದೇ ತಂಡದ ಯಾಸ್ಪರ್ ಫಿಲಿಪ್ಸನ್‌ಗೆ ಸಿಕ್ಕಿತು.

ಪ್ರಶ್ನೆ: ಮಳೆ ಬಂದರೆ ಊಹೆ ಬದಲಾಯಿಸಬೇಕಾ?

ಉತ್ತರ: ಬದಲಾಯಿಸಿ. ಆಟದ ನಿಯಮ ಒಪ್ಪಿದರೆ ಭಾನುವಾರ ಬೆಳಗಿನವರೆಗೂ ಹೆಸರು ಕೊಡಬೇಡಿ. 2002ರ ನಂತರ ನಿಜವಾದ ಕೆಸರಿನ ರೇಸ್ ಆದದ್ದು ಕೊರೊನಾದಿಂದ ಅಕ್ಟೋಬರ್‌ಗೆ ಹೋದ 2021ರಲ್ಲಿ. ಸೋನಿ ಕೋಲ್ಬ್ರೆಲಿ, ಫ್ಲೋರಿಯನ್ ವರ್ಮೀರ್ಶ್, ವಾನ್ ಡರ್ ಪೂಲ್, ಹೀಗೆ ಬಂದ ಮೊದಲ ಮೂವರಿಗೂ ಅದು ಮೊದಲ ರೂಬೇ. ಕೆಸರಲ್ಲಿ ಹಳೆಯ ಅನುಭವದ ಬೆಲೆ ಇಳಿಯುತ್ತದೆ, ಜಾರುವ ಸೈಕಲ್ಲನ್ನು ಹಿಡಿದು ನಿಲ್ಲಿಸುವ ಕೈಚಳಕದ ಬೆಲೆ ಏರುತ್ತದೆ. ಮೊದಲೇ ಹೇಳಿದ ಎರಡನೇ ಹೆಸರನ್ನು ಅಂಥವರಿಗೆ ಬಿಟ್ಟುಕೊಡಿ. ಮೂರನೆಯದು ಹಾಗೇ ಇರಲಿ, ವರ್ಮೀರ್ಶ್ ಕೂಡ ಅಂದು ಬೇಗ ಮುಂದೆ ಹೋದವರಲ್ಲಿ ಒಬ್ಬರು.

ಪ್ರಶ್ನೆ: ಮಹಿಳೆಯರ ರೇಸಿಗೂ ಇದೇ ಲೆಕ್ಕವಾ?

ಉತ್ತರ: ಅಲ್ಲಿ ಫೇವರಿಟ್‌ಗೆ ಇನ್ನೂ ಕಡಿಮೆ ಅಂಕ ಕೊಡಿ. 2021ರಲ್ಲಿ ಶುರುವಾದ ಮೇಲೆ ಮೊದಲ ಐದು ವರ್ಷ ಐದು ಬೇರೆ ಬೇರೆ ಗೆಲುವುಗಳು: ಲಿಝಿ ಡೈಗ್ನನ್, ಎಲಿಸಾ ಲಾಂಗೊ ಬೊರ್ಗಿನಿ, ಅಲಿಸನ್ ಜಾಕ್ಸನ್, ಲಾಟ್ಟೆ ಕೊಪೆಕಿ, ಪೋಲೀನ್ ಫೆರಾನ್-ಪ್ರೆವೋ. ಡೈಗ್ನನ್ ಮೊದಲ ಕಲ್ಲುಹಾಸು ಬರುವ ಮುಂಚೆಯೇ ಒಬ್ಬರೇ ಹೊರಟು ಕೊನೆಯವರೆಗೂ ಸಿಗಲಿಲ್ಲ. 2023ರಲ್ಲಿ ಜಾಕ್ಸನ್ ಗೆದ್ದದ್ದು ಬೇಗ ಹೋದ ಗುಂಪಿನಿಂದ. ಮೂರರಲ್ಲಿ ಎರಡು ಹೆಸರನ್ನು ಬೇಗ ಮುಂದೆ ನುಗ್ಗುವ ಸ್ವಭಾವದವರಿಗೇ ಇಡಿ.