ಸಿಡಿಲಿಗೆ ಟಿ.ವಿ. ಸುಟ್ಟಿದ್ದೇಕೆ?

ಪ್ರಶ್ನೆ: ಭರಣಿ ಮಳೆಯ ಸಿಡಿಲಿಗೆ ಟಿ.ವಿ., ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್ ಮೂರೂ ಸುಟ್ಟುಹೋದವು. ಸ್ಟೆಬಿಲೈಸರ್, ಎಂಸಿಬಿ (ಟ್ರಿಪ್ ಸ್ವಿಚ್) ಎರಡೂ ಇದ್ದವು. ಮುಂದೇನು ಮಾಡಬೇಕು?
– ಓದುಗರು, ಮದ್ದೂರು

ಉತ್ತರ: ಸಿಡಿಲಿನ ಸರ್ಜ್ (ಏಕಾಏಕಿ ನುಗ್ಗುವ ಅತಿ ವೋಲ್ಟೇಜ್) ಮೈಕ್ರೊಸೆಕೆಂಡ್‌ಗಳಲ್ಲಿ ಮುಗಿಯುತ್ತದೆ. ಎಂಸಿಬಿ ಬೀಳಲು ಮಿಲಿಸೆಕೆಂಡ್‌ಗಳು ಬೇಕು. ಸ್ಟೆಬಿಲೈಸರ್ ಇನ್ನೂ ನಿಧಾನ. ಮೇನ್ ಬೋರ್ಡ್‌ನಲ್ಲಿ ಟೈಪ್ 2 ಎಸ್‌ಪಿಡಿ (ಸರ್ಜ್ ತಡೆಯುವ ಸಾಧನ) ಹಾಕಿಸಿ. ಅದು ಹೆಚ್ಚುವರಿ ವೋಲ್ಟೇಜನ್ನು ಅರ್ಥ್‌ಗೆ ಹರಿಸುತ್ತದೆ. ಜೋಡಿಸುವ ತಾಮ್ರದ ವೈರು ಕನಿಷ್ಠ 6 ಚದರ ಮಿ.ಮೀ. ಇರಲಿ, ಒಟ್ಟು ಉದ್ದ ಅರ್ಧ ಮೀಟರ್ ಮೀರದಿರಲಿ. ಎಲೆಕ್ಟ್ರಿಷಿಯನ್‌ಗಳು ಉಳಿದ ವೈರನ್ನು ಸುರುಳಿ ಸುತ್ತಿ ಬೋರ್ಡ್‌ನೊಳಗೆ ತುರುಕುವುದುಂಟು. ಹಾಗೆ ಮಾಡಿದರೆ ಎಸ್‌ಪಿಡಿಯ ಅರ್ಧ ಪ್ರಯೋಜನ ಅಲ್ಲೇ ಹೋಯಿತು. ಅದರ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಾದರೆ ಕಾರ್ಟ್ರಿಜ್ ಬದಲಿಸಿ.

ಅರ್ಥಿಂಗ್ ಸರಿಯಿಲ್ಲದಿದ್ದರೆ ಇದೆಲ್ಲ ದಂಡ. ಅರ್ಥ್ ಟೆಸ್ಟರ್‌ನಲ್ಲಿ ಅಳೆಸಿ, 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಬೇಸಿಗೆಯಲ್ಲಿ ಮಣ್ಣು ಒಣಗಿ ರೋಧ ಏರುತ್ತದೆ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ.

ನಿಮ್ಮಲ್ಲಿ ಮೂರೂ ಒಟ್ಟಿಗೆ ಹೋಗಿರುವುದರಿಂದ ಡಿಶ್ ಅಥವಾ ಇಂಟರ್‌ನೆಟ್ ಕೇಬಲ್ ಮೇಲೂ ಅನುಮಾನವಿದೆ. ತಾಮ್ರದ ಕೇಬಲ್ ಯಾವುದೇ ಇರಲಿ, ಸರ್ಜ್‌ಗೆ ಅದೂ ದಾರಿಯೇ. ಗುಡುಗು ದೂರದಲ್ಲಿರುವಾಗಲೇ ಪ್ಲಗ್, ಕೇಬಲ್ ಎರಡನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಒಳಗಿನ ಅಂತರ ಕೆಲವೇ ಮಿ.ಮೀ. ಮಳೆ ತಲೆಯ ಮೇಲೆ ಬಂದಮೇಲೆ ಮಾತ್ರ ಮುಟ್ಟಲೇಬೇಡಿ.

ಗಾಳಿಗೆ ಬೀದಿಯ ನ್ಯೂಟ್ರಲ್ ತಂತಿ (ಕರೆಂಟ್ ಹಿಂದಿರುಗುವ ತಂತಿ) ತುಂಡಾದರೆ ಮನೆಗೆ 400 ವೋಲ್ಟ್‌ವರೆಗೂ ಬರಬಹುದು. ಅದನ್ನು ಎಸ್‌ಪಿಡಿ ತಡೆಯದು. ವೋಲ್ಟೇಜ್ ಮಿತಿಮೀರಿದರೆ ಕರೆಂಟ್ ಕಡಿಯುವ ಓವರ್‌ವೋಲ್ಟೇಜ್ ಕಟಾಫ್ ಬೇರೆಯೇ ಹಾಕಿಸಬೇಕು.