ತೆನೆಗಳ ನಡುವೆ ಓದುತ್ತಾ ಒರಗಿದವನು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲಿಷ್ ಕಲಾವಿದ ಸ್ಯಾಮ್ಯುಯೆಲ್ ಪಾಲ್ಮರ್ ಬಿಡಿಸಿದ ‘ತೆನೆ ತುಂಬಿದ ಕಣಿವೆ’ಯ ಬಗ್ಗೆ ಬರೆಯುತ್ತಾ ಕೂಲಿಕಾರರ ದಂಗೆಯನ್ನು ಎಳೆದು ತಂದಿದ್ದೀರಿ. ಚಿತ್ರ 1825ರದ್ದು, ದಂಗೆ 1830ರದ್ದು. ಚೆಂದದ ಚಿತ್ರವನ್ನು ಸುಮ್ನೆ ನೋಡಲು ಬಿಡಬಾರದೇ?

ಸಂಪಾದಕರ ಉತ್ತರ: ಇಸವಿಯ ಲೆಕ್ಕ ಸರಿಯಾಗಿದೆ. ದಂಗೆ ನೋಡಿ ಪಾಲ್ಮರ್ ಈ ಚಿತ್ರ ಬಿಡಿಸಲಿಲ್ಲ. ಆದರೆ ದಂಗೆಯೇನೂ ರಾತ್ರೋರಾತ್ರಿ ಹುಟ್ಟಿದ್ದಲ್ಲ. 1815ರಲ್ಲಿ ನೆಪೋಲಿಯನ್ ಜೊತೆಗಿನ ಯುದ್ಧ ಮುಗಿಯಿತು. ಸೈನಿಕರು ಊರಿಗೆ ಮರಳಿದರು. ಕೆಲಸ ಕೇಳುವವರು ಜಾಸ್ತಿಯಾದರು, ಧಾನ್ಯದ ಬೆಲೆ ಬಿತ್ತು, ಕೂಲಿಯೂ ಇಳಿಯಿತು. ಚಳಿಗಾಲದಲ್ಲಿ ಕೂಲಿಯವರ ಹೊಟ್ಟೆ ಹೊರೆಯುತ್ತಿದ್ದದ್ದು ಒಕ್ಕಣೆ. ವಾರಗಟ್ಟಲೆ ಕೋಲಿನಿಂದ ತೆನೆ ಬಡಿಯುವ ಕೆಲಸ. ಯಂತ್ರ ಬಂದು ಅದನ್ನೂ ಕಿತ್ತುಕೊಂಡಿತು. 1830ರ ಆಗಸ್ಟ್‌ನಲ್ಲಿ ಜನ ಒಡೆಯತೊಡಗಿದ್ದು ಆ ಒಕ್ಕಣೆ ಯಂತ್ರಗಳನ್ನೇ, ಅದೂ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ. ಪಾಲ್ಮರ್ ಆಗ ವಾಸವಿದ್ದ ಶೋರ್‌ಹ್ಯಾಮ್ ಹಳ್ಳಿ ಇರುವುದೂ ಅದೇ ಕೆಂಟ್‌ನಲ್ಲಿ. ಕೊನೆಗೆ 19 ಜನರನ್ನು ಗಲ್ಲಿಗೇರಿಸಿದರು, ನೂರಾರು ಜನರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು.

ಈಗ ಚಿತ್ರಕ್ಕೆ ಬನ್ನಿ. ಪುಸ್ತಕದ ಹಾಳೆಯಷ್ಟೇ ಅಗಲ, ಬರೀ ಕಂದು ಬಣ್ಣ. ಇದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ದೊಡ್ಡ ಚಂದ್ರ, ಚರ್ಚಿನ ಗೋಪುರ, ಕಟ್ಟಿಟ್ಟ ಸಿವುಡುಗಳು. ಮುಂದುಗಡೆ ತೆನೆಗಳ ನಡುವೆ ಒಬ್ಬ ಒರಗಿಕೊಂಡು ಪುಸ್ತಕ ಓದುತ್ತಿದ್ದಾನೆ. ನನ್ನ ಕಣ್ಣು ಪ್ರತಿ ಸಲವೂ ಅವನ ಮೇಲೆಯೇ ನಿಲ್ಲುತ್ತದೆ. ಸುಗ್ಗಿಯ ಹೊತ್ತಿನಲ್ಲಿ ಹೊಲದಲ್ಲಿ ಒರಗಿ ಓದುವ ಬಿಡುವು ಯಾವ ಕೂಲಿಯವನಿಗಿತ್ತು? ಅವನ ಉಡುಪು ಕೂಡ 1825ರದ್ದಲ್ಲ, 16ನೆಯ ಶತಮಾನದ ಒಂದನೇ ಎಲಿಜಬೆತ್ ರಾಣಿಯ ಕಾಲದ್ದು. ಚಿತ್ರದ ಹೆಸರು ಬೈಬಲ್ಲಿನ 65ನೆಯ ಕೀರ್ತನೆಯಿಂದ ಬಂದಿದೆ. ದೇವರು ಕೊಟ್ಟ ಬೆಳೆಯಿಂದ ಕಣಿವೆಗಳೇ ನಕ್ಕು ಹಾಡುತ್ತವೆ ಎನ್ನುವ ಸಾಲು ಅದು. ಕಣಿವೆಯೇ ಹಾಡುವಾಗ ಕೊಯ್ದವರ ಬೆನ್ನುನೋವು ಕೇಳಿಸುವುದಿಲ್ಲ, ಅಲ್ವಾ?

ಪಾಲ್ಮರ್ ಮೋಸ ಮಾಡಿದ ಎಂದು ನಾನು ಹೇಳುತ್ತಿಲ್ಲ. 20ರ ಹರೆಯದ ಆ ಹುಡುಗ ಅಂಥ ಹಳೆಯ, ದೈವಭಕ್ತ ಹಳ್ಳಿಯನ್ನು ಮನಸಾರೆ ನಂಬಿದ್ದ. 1832ರ ಚುನಾವಣೆಯಲ್ಲಿ ಹಳೆಯ ವ್ಯವಸ್ಥೆಯೇ ಉಳಿಯಲಿ ಎನ್ನುತ್ತಿದ್ದ ಟೋರಿ ಪಕ್ಷದ ಪರವಾಗಿ, ದಂಗೆಯ ಹೊತ್ತಿನಲ್ಲಿ ಬಣವೆಗೆ ಬೆಂಕಿ ಇಟ್ಟವರ ವಿರುದ್ಧ ಕರಪತ್ರವನ್ನೂ ಬರೆದ. ಕರಪತ್ರ ಬರೆದ ಕೈಯೇ ಈ ಚಂದ್ರನನ್ನೂ ಬಿಡಿಸಿದೆ. ಇದು ಗೊತ್ತಾದ ಮೇಲೆ ಚಿತ್ರದ ಚೆಂದ ನನಗೇನೂ ಕಮ್ಮಿಯಾಗಿಲ್ಲ. ಆ ಹಳ್ಳಿ ತನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಪಾಲ್ಮರ್ ಪ್ರತಿ ಗೆರೆಯಲ್ಲೂ ಹೇಳುತ್ತಿದ್ದಾನೆ. ಅದು ಈಗ ಇನ್ನೂ ಚೆನ್ನಾಗಿ ಕಾಣುತ್ತದೆ.

ಮುಂದಿನ ಸಂಚಿಕೆಯಲ್ಲಿ ಅವನ ಅದೇ ವರ್ಷದ ‘ಮುಂಜಾವು’ ಚಿತ್ರ ಹಾಕುತ್ತಿದ್ದೇವೆ. ಅಲ್ಲೂ ಕೂಲಿಯ ಮಾತು ಬರುತ್ತದೆ. ಒಪ್ಪಿಗೆಯಾಗದಿದ್ದರೆ ದಯವಿಟ್ಟು ಮತ್ತೆ ಬರೆಯಿರಿ.