ಡೆಕ್ಕನ್ ಪಾಸನ್ನು ನಾಳೆ ಲ್ಯಾಮಿನೇಟ್ ಮಾಡಿಸಬೇಡ ಮಾರಾಯ

ಉಪ್ಪಳದ ತಮ್ಮಾ, ನೀನು ಬೆಳಿಗ್ಗೆ ನಮ್ಮ ಟಿಕೆಟು ಸಂಗ್ರಹದ ಗುಂಪಿನಲ್ಲಿ ಹಾಕಿದ ಫೋಟೋ ನೋಡಿ, ತೋಟಕ್ಕೆ ಹೊರಟವ ತಿರುಗಿ ಬಂದು ಕೂತೆ. "ಏರ್ ಡೆಕ್ಕನ್ ಬೋರ್ಡಿಂಗ್ ಪಾಸ್, ಮಂಗಳೂರು–ಬೆಂಗಳೂರು, 2006. ಕಿಂಗ್‌ಫಿಷರ್ ನುಂಗುವ ಮೊದಲಿನದ್ದು. ನಾಳೆ ಲ್ಯಾಮಿನೇಷನ್ ಮಾಡಿಸಿ ಆಲ್ಬಮಿಗೆ" ಅಂತ ಬರೆದಿದ್ದೀಯ. ಅದರ ಕೆಳಗೆ ಸಾಲಾಗಿ ಹೆಬ್ಬೆರಳು. ಒಬ್ಬರಾದರೂ ಬೇಡ ಅನ್ನಬಾರದಾ? ಇಲ್ಲಿ ಹತ್ತು ವರ್ಷದಿಂದ ಟಿಕೆಟು ಒಟ್ಟು ಮಾಡುವವರೇ ಇದ್ದಾರೆ!

ಮೊದಲು ಲ್ಯಾಮಿನೇಷನ್ ವಿಷಯ. ಅಪ್ಪ ಜೀವನದಲ್ಲಿ ಒಂದೇ ಸಲ ವಿಮಾನ ಹತ್ತಿದ್ದು. ತಂಗಿಯ ಬಾಣಂತನಕ್ಕೆ ಅಮ್ಮ ಮೊದಲೇ ಬೆಂಗಳೂರಿಗೆ ಹೋಗಿದ್ದರು, ಮಗು ನೋಡಲು ಅಪ್ಪ ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಹೋದರು. "ಫ್ಯಾನಿನ ವಿಮಾನ, ರೆಕ್ಕೆ ಮೇಲೆ, ನಾವು ಕೆಳಗೆ" ಅಂತ ಊರಿಡೀ ಹೇಳಿಕೊಂಡು ಬಂದಿದ್ದರು. ಅದು ಎಟಿಆರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನ ಅಂತ ನಮಗೆ ಗೊತ್ತಾಗಲು ಅಷ್ಟು ಸಾಕು. ಆ ಪಾಸನ್ನು ಪಂಚಾಂಗದ ಒಳಗೆ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ನನ್ನ ಕೈಗೆ ಬಂತು. ಜೋಪಾನ ಮಾಡಬೇಕು ಅಂತ ಪೇಟೆಯ ಒಂದು ಅಂಗಡಿಗೆ ಹೋದೆ. ಮೆಷಿನಿನ ಹತ್ತಿರ ಇದ್ದ ಹುಡುಗ ಕಾಗದ ಮುಟ್ಟಿ ನೋಡಿ, "ಅಣ್ಣ, ಇದು ಬಿಲ್ಲಿನ ಕಾಗದದ ಹಾಗೆ ಉಂಟಲ್ಲ, ಹಾಕಬೇಕಾ?" ಅಂತ ಕೇಳಿದ. ನಾನು ದೊಡ್ಡ ಜನ. "ನೀನು ಹಾಕು ಮಾರಾಯ" ಅಂದೆ. ಒಂದು ಬದಿಯಿಂದ ಬೆಳ್ಳಗೆ ಹೋದದ್ದು ಇನ್ನೊಂದು ಬದಿಯಿಂದ ಬರುವಾಗ ಕಾವಲಿಯ ಮೇಲೆ ಮರೆತ ಹಪ್ಪಳ. ಪೂರ್ತಿ ಕಪ್ಪು. ಓರೆಯಾಗಿ ಬೆಳಕಿಗೆ ಹಿಡಿದರೆ ಮೊದಲೇ ಅಚ್ಚಾಗಿದ್ದ ಡೆಕ್ಕನ್ ಲೋಗೋ ಮಾತ್ರ ಕಾಣುತ್ತದೆ. ಅಪ್ಪನ ಹೆಸರಿಲ್ಲ, ತಾರೀಕಿಲ್ಲ, ಫ್ಲೈಟ್ ನಂಬ್ರ ಇಲ್ಲ. ಹುಡುಗ ದುಡ್ಡು ಬೇಡ ಅಂದ. ಅದು ಇನ್ನೂ ಬೇಜಾರು.

ಅದು ಥರ್ಮಲ್ ಕಾಗದ, ಅದರ ಅಕ್ಷರಕ್ಕೆ ಶಾಯಿಯೇ ಇಲ್ಲ. ಕಾಗದದ ಮೇಲಿನ ಲೇಪ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ, ಅದೇ ಅಕ್ಷರ. ಇಡೀ ಕಾಗದಕ್ಕೆ ಬಿಸಿ ಕೊಟ್ಟರೆ ಇಡೀ ಕಾಗದ ಅಕ್ಷರ. ನಿನ್ನದು ಥರ್ಮಲ್ಲಾ ಅಲ್ಲವಾ ಅಂತ ನೋಡಲು ಒಂದು ಮೂಲೆಯಲ್ಲಿ ಉಗುರಿನಿಂದ ಬೇಗ ಗೀರು. ಬೂದು ಗೆರೆ ಬಂದರೆ ಥರ್ಮಲ್. ಆದರೆ ಮೂಲೆಯಲ್ಲಿ ಮಾತ್ರ, ಅದೂ ಏನೂ ಬರೆದಿಲ್ಲದ ಕಡೆ. ನಮ್ಮ ಗುಂಪಿನಲ್ಲೇ ಒಬ್ಬರು ಸೀಟು ನಂಬ್ರದ ಮೇಲೆ ಗೀರಿ ನೋಡಿದ್ದಾರೆ. ಗಟ್ಟಿ ಕಾರ್ಡಿನ ಮೇಲೆ ಚುಕ್ಕಿ ಚುಕ್ಕಿ ಅಕ್ಷರ ಇದ್ದರೆ ಅದು ರಿಬ್ಬನಿನ ಪ್ರಿಂಟು, ಬಿಸಿಗೆ ಅಷ್ಟು ಹೆದರಬೇಕಾಗಿಲ್ಲ. ಆದರೂ ಲ್ಯಾಮಿನೇಷನ್ ಬೇಡ. ಒಮ್ಮೆ ಅಂಟಿದ್ದು ಮತ್ತೆ ಬಿಡುವುದಿಲ್ಲ.

ಈಗ ನಿನ್ನ 2006. ಪಾಸಿನಲ್ಲಿ ದಿನ ತಿಂಗಳು ಉಂಟು, ಇಸವಿ ಇಲ್ಲ. ಎಷ್ಟೋ ಪಾಸಿನಲ್ಲಿ ಇರುವುದಿಲ್ಲ. ಹಾಗಾದರೆ 2006 ಎಲ್ಲಿಂದ ಬಂತು? ಲೋಗೋ ನೋಡಿ ಅಂದಾಜು ಮಾಡಿದ್ದು. ನಾನೂ ಹಾಗೆಯೇ ಮಾಡಿದವ. ಅಪ್ಪನ ಪಾಸಿಗೆ ಆಲ್ಬಮಿನಲ್ಲಿ ಜೆಲ್ ಪೆನ್ನಿನಲ್ಲಿ "2006" ಅಂತ ಚಂದಕ್ಕೆ ಬರೆದಿದ್ದೆ. ಆಮೇಲೆ ಅಟ್ಟದಲ್ಲಿ ಅವರ ಸೂಟ್‌ಕೇಸಿನ ಹಿಡಿಯಲ್ಲಿ ಬ್ಯಾಗೇಜ್ ಟ್ಯಾಗ್ ಸಿಕ್ಕಿತು. ಅಕ್ಷರ ಮಾಸಿದ್ದರೂ ಫ್ಲೈಟ್ ನಂಬ್ರದ ಮುಂದೆ ಇರುವುದು ಡಿಎನ್ ಅಲ್ಲ, ಐಟಿ! ಪ್ರತಿ ವಿಮಾನ ಕಂಪೆನಿಗೂ ಒಂದು ಎರಡಕ್ಷರದ ಕೋಡು ಉಂಟು: ಡೆಕ್ಕನ್ನಿನ ಕೋಡು ಡಿಎನ್, ಕಿಂಗ್‌ಫಿಷರಿನದ್ದು ಐಟಿ. ತಲೆ ಕೆಟ್ಟಿತು. ಅಮ್ಮನನ್ನು ಕೇಳಿದೆ. "ವಿಮಾನಕ್ಕಿಂತ ಆಮೇಲಿನ ಬಸ್ಸೇ ಉದ್ದ ಆಯ್ತು ಅಂತ ಅಪ್ಪ ಬೊಬ್ಬೆ ಹಾಕಿದ್ದರು" ಅಂದರು. ಬಸ್ಸು ಉದ್ದ ಅಂದರೆ ಇಳಿದದ್ದು ಊರ ಹೊರಗಿನ ದೇವನಹಳ್ಳಿಯಲ್ಲಿ, ಪೇಟೆಯೊಳಗಿನ ಹಳೆ ನಿಲ್ದಾಣ ಎಚ್‌ಎಎಲ್‌ನಲ್ಲಿ ಅಲ್ಲ. ದೇವನಹಳ್ಳಿ ಶುರುವಾದದ್ದು 2008 ಮೇ 24ಕ್ಕೆ. ಅಲ್ಲಿಗೆ ನನ್ನ 2006 ಬಿತ್ತು. ಹಳೆ ಲೋಗೋದ ಕಾಗದ ಕೌಂಟರಿನಲ್ಲಿ ಉಳಿದಿತ್ತು, ಅದರಲ್ಲೇ ಪ್ರಿಂಟು ಹೊಡೆದು ಕೊಟ್ಟಿದ್ದಾರೆ, ಅಷ್ಟೇ. (ಬೆಂಗಳೂರಿನ ಬಿಎಲ್‌ಆರ್ ಕೋಡು ಎರಡು ನಿಲ್ದಾಣಕ್ಕೂ ಒಂದೇ, ಅದನ್ನು ನಂಬಿ ಕೂರಬೇಡ. ನಮ್ಮ ಮಂಗಳೂರಿನ ಐಎಕ್ಸ್‌ಇ ಕೂಡ ಹಾಗೆಯೇ, ಬಜ್ಪೆಯ ಹಳೆ ಟರ್ಮಿನಲ್ಲಿಗೂ 2010ರ ಹೊಸದಕ್ಕೂ ಅದೇ.)

ಆದ್ದರಿಂದ ನನ್ನ ಪದ್ಧತಿ: ಕೋಡು ಮೊದಲು, ಹೆಸರು ಆಮೇಲೆ, ಲೋಗೋ ಕೊನೆಗೆ. ಆಲ್ಬಮನ್ನೂ ಕೋಡಿನ ಪ್ರಕಾರ ಕಟ್ಟು. ಹೆಸರಿನ ಪ್ರಕಾರ ಕಟ್ಟಿದರೆ ಡೆಕ್ಕನ್ನಿನಂಥ ಕಂಪೆನಿ ನಾಲ್ಕು ಪುಟದಲ್ಲಿ ಚೆಲ್ಲಾಪಿಲ್ಲಿ ಆಗುತ್ತದೆ. ನೋಡು, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಮೊದಲು ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಷನ್ ಮಾಡಿದರು, 2003ರ ಆಗಸ್ಟಿನಲ್ಲಿ ಎಟಿಆರ್ ಇಟ್ಟುಕೊಂಡು ಏರ್ ಡೆಕ್ಕನ್ ಶುರು ಮಾಡಿದರು. ಪೆಟ್ರೋಲ್ ಬಂಕಿನಲ್ಲಿ ಟಿಕೆಟು, ಒಂದು ರೂಪಾಯಿ ಟಿಕೆಟು, ಲಕ್ಷ್ಮಣರ ಕಾಮನ್ ಮ್ಯಾನ್, ಎಲ್ಲ ಆ ಕಾಲದ್ದು. 2007ರಲ್ಲಿ ಕಿಂಗ್‌ಫಿಷರ್ ನಡೆಸುತ್ತಿದ್ದ ಮಲ್ಯರ ಯುಬಿ ಗುಂಪು 550 ಕೋಟಿ ಕೊಟ್ಟು 26 ಶೇಕಡಾ ತೆಗೆದುಕೊಂಡಿತು. ಆಗಲೇ ಏನೂ ಮುಚ್ಚಲಿಲ್ಲ. ಹೆಸರು ಸಿಂಪ್ಲಿಫ್ಲೈ ಡೆಕ್ಕನ್ ಆಯಿತು, ಕಿಂಗ್‌ಫಿಷರಿನ ಕೆಂಪು ಬಂತು. 2008ರ ಆಗಸ್ಟ್ ಕೊನೆಗೆ ಅದೇ ಕಿಂಗ್‌ಫಿಷರ್ ರೆಡ್. 2011ರ ಸೆಪ್ಟೆಂಬರಿನಲ್ಲಿ ರೆಡ್ ನಿಲ್ಲಿಸುತ್ತೇವೆ ಅಂದರು, 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರೇ ನಿಂತಿತು.

ಇನ್ನು "ನುಂಗುವುದು" ಅಂದೆಯಲ್ಲ, ಕಾಗದದಲ್ಲಿ ನುಂಗಿದ್ದು ಯಾರು ಗೊತ್ತುಂಟಾ? ಡೆಕ್ಕನ್! ಷೇರುಪೇಟೆಯಲ್ಲಿ ಇದ್ದದ್ದು ಡೆಕ್ಕನ್ ಏವಿಯೇಷನ್. ಕಿಂಗ್‌ಫಿಷರಿನ ವಿಮಾನ ವ್ಯವಹಾರವನ್ನು ಅದರ ಒಳಗೆ ಸೇರಿಸಿ, ಆಮೇಲೆ ಕಂಪೆನಿಯ ಹೆಸರನ್ನು ಕಿಂಗ್‌ಫಿಷರ್ ಏರ್‌ಲೈನ್ಸ್ ಅಂತ ಬದಲಿಸಿದರು. ಅದಕ್ಕೂ ಲೆಕ್ಕ ಉಂಟು. ಹೊರದೇಶಕ್ಕೆ ಹಾರಬೇಕಾದರೆ ಆಗಿನ ನಿಯಮದ ಪ್ರಕಾರ ದೇಶದ ಒಳಗೆ ಐದು ವರ್ಷ ಹಾರಿರಬೇಕು, 20 ವಿಮಾನ ಇರಬೇಕು. ಕಿಂಗ್‌ಫಿಷರ್ ಹುಟ್ಟಿದ್ದು 2005ರ ಮೇಯಲ್ಲಿ, ಅಂದರೆ 2010ರವರೆಗೆ ಕಾಯಬೇಕು. ಡೆಕ್ಕನ್ನಿಗೆ 2008ರ ಆಗಸ್ಟಿಗೇ ಐದು ತುಂಬಿತು. ಮಲ್ಯರ ಬೆಂಗಳೂರು–ಲಂಡನ್ ವಿಮಾನ ಹೊರಟದ್ದು ಯಾವಾಗ? 2008 ಸೆಪ್ಟೆಂಬರ್ 3. ಮದುವೆಯಾದದ್ದು ಹುಡುಗಿಯನ್ನು ನೋಡಿಯಲ್ಲ, ಜಾತಕ ನೋಡಿ. ಡೆಕ್ಕನ್ ಪುಟದ ಕೆಳಗೆ "ಕಿಂಗ್‌ಫಿಷರ್ ಕೊಂಡು ಮುಚ್ಚಿತು" ಅಂತ ಒಂದೇ ಸಾಲು ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುವುದು ಇದಕ್ಕೇ.

ಡೆಕ್ಕನ್ ಹೆಸರು ಇಷ್ಟಕ್ಕೇ ಮುಗಿಯಲಿಲ್ಲ. 2017ರ ಡಿಸೆಂಬರಿನಲ್ಲಿ ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಉಡಾನ್ ಯೋಜನೆಯಲ್ಲಿ ಅದೇ ಹೆಸರಿನಲ್ಲಿ ಸಣ್ಣ ಬೀಚ್‌ಕ್ರಾಫ್ಟ್ ಹಾರಿತು, 2020ರ ಏಪ್ರಿಲಿನಲ್ಲಿ ಲಾಕ್‌ಡೌನ್ ಹೊತ್ತಿಗೆ ನಿಂತಿತು. ಅದರ ಪಾಸನ್ನು "ಅಪರೂಪದ 2004" ಅಂತ ಮಾರುವವರಿದ್ದಾರೆ, ಜಾಗ್ರತೆ. ಮತ್ತೆ ಡೆಕ್ಕನ್ ಏರ್‌ವೇಸ್ ಅಂತ ಸಿಕ್ಕಿದರೆ ಅದು ಬೇರೆಯೇ. ಹೈದರಾಬಾದಿನ ನಿಜಾಮ ಸರ್ಕಾರ ಟಾಟಾದವರ ಜೊತೆ 1945ರಲ್ಲಿ ಮಾಡಿದ್ದು. 1953ರಲ್ಲಿ ಎಂಟು ಕಂಪೆನಿಗಳನ್ನು ಒಟ್ಟು ಹಾಕಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಅದೂ ಅದರಲ್ಲಿ ಕರಗಿತು. ಅದು ಸಿಕ್ಕಿದರೆ ಗುಂಪಿನಲ್ಲಿ ಹಾಕಬೇಡ, ಮೊದಲು ನನಗೆ ಫೋನು ಮಾಡು.

ಇಸವಿ ಹಿಡಿಯಲು ಇನ್ನೊಂದು ಉಪಾಯ. ಪಾಸಿನಲ್ಲಿ ಸಣ್ಣ ಸಣ್ಣ ಚುಕ್ಕಿ ತುಂಬಿದ ಆಯತಾಕಾರದ ಬಾರ್‌ಕೋಡ್ ಇದ್ದರೆ ಮೊಬೈಲಿನಲ್ಲಿ ಓದಿಸು. ಒಳಗೆ ತಾರೀಕು ವರ್ಷದ ಎಷ್ಟನೇ ದಿನ ಅಂತ ಮೂರಂಕಿಯಲ್ಲಿ ಇರುತ್ತದೆ. ಸೆಪ್ಟೆಂಬರ್ 15 ಮಾಮೂಲು ವರ್ಷದಲ್ಲಿ 258, ಅಧಿಕ ವರ್ಷದಲ್ಲಿ 259. ಪಾಸಿನ ಮೇಲೆ ಸೆಪ್ಟೆಂಬರ್ 15 ಅಂತ ಇದ್ದು, ಒಳಗೆ 259 ಬಂದು, ರೆಡ್ ಲೋಗೋ ಇದ್ದರೆ ಅದು ಹೆಚ್ಚುಕಡಿಮೆ 2008ರದ್ದೇ, ಯಾಕೆಂದರೆ 2012ರ ಸೆಪ್ಟೆಂಬರಿಗೆ ರೆಡ್ ಇರಲಿಲ್ಲ. ಫೆಬ್ರವರಿ ಮುಗಿಯುವ ಮೊದಲಿನ ತಾರೀಕಿಗೆ ಈ ಉಪಾಯ ನಡೆಯುವುದಿಲ್ಲ. ಹಾಗೆಂದು ಮೊನ್ನೆ ಮೊನ್ನೆಯ ಪಾಸಿನ ಬಾರ್‌ಕೋಡನ್ನು ಇಲ್ಲಿ ಹಾಕಬೇಡಿ. ಅದರಲ್ಲಿ ಬುಕಿಂಗಿನ ನಂಬ್ರ, ಅಂದರೆ ಪಿಎನ್‌ಆರ್ ಇರುತ್ತದೆ. ಎಷ್ಟು ಸಲ ಹೇಳುವುದು?

ಕೋಡು ಮೊದಲು ಅಂದೆ, ಆದರೆ ಕೋಡೂ ಕೆಲವೊಮ್ಮೆ ನಿಧಾನ. ಇಂಡಿಯನ್ ಏರ್‌ಲೈನ್ಸ್ 2005ರ ಕೊನೆಗೆ ಬರೀ "ಇಂಡಿಯನ್" ಆಯಿತು, ಬಾಲದಲ್ಲಿ ಕೋನಾರ್ಕ್ ಚಕ್ರ ಬಂತು, 2007ರಲ್ಲಿ ಏರ್ ಇಂಡಿಯಾ ಜೊತೆ ಸೇರಿತು. ಆದರೆ ಅದರ ಐಸಿ ಕೋಡು 2011ರ ಫೆಬ್ರವರಿವರೆಗೆ ಓಡಿತು. ಐಸಿ ಕಂಡ ಕೂಡಲೇ "ವಿಲೀನಕ್ಕೆ ಮೊದಲು" ಅಂತ ಬರೆದರೆ ಮೂರೂವರೆ ವರ್ಷದವರೆಗೆ ತಪ್ಪಬಹುದು. ವಾಯುದೂತ್ ಸುಲಭ, 1981ರಿಂದ, 1993ರಲ್ಲಿ ಇಂಡಿಯನ್ ಏರ್‌ಲೈನ್ಸಿಗೆ ಸೇರಿತು. ಜೆಟ್‌ನವರದ್ದು ತಲೆನೋವು: 2009ರಲ್ಲಿ ಅವರೇ ಶುರು ಮಾಡಿದ ಅಗ್ಗದ ಜೆಟ್ ಕನೆಕ್ಟ್ ಬೇರೆ, ಅದು 9ಡಬ್ಲ್ಯೂ. ಏರ್ ಸಹಾರಾ ಕಂಪೆನಿಯನ್ನು ಕೊಂಡು 2007ರಲ್ಲಿ ಜೆಟ್‌ಲೈಟ್ ಮಾಡಿದ್ದನ್ನು 2012ರಲ್ಲಿ ಮತ್ತೆ ಕನೆಕ್ಟ್ ಅಂದರು, ಅದು ಎಸ್2. ನನ್ನ ಆಲ್ಬಮಿನಲ್ಲಿ ಇವತ್ತಿಗೂ ಎರಡು ಪಾಸು ಯಾವ ಪುಟಕ್ಕೆ ಅಂತ ತೀರ್ಮಾನ ಆಗದೆ ಕೂತಿವೆ.

ಹೊಸದನ್ನೂ ಈಗಲೇ ತೆಗೆದಿಡು. ಏರ್‌ಏಷ್ಯಾ ಇಂಡಿಯಾದ ಐ5, ಅದೇ ಎಐಎಕ್ಸ್ ಕನೆಕ್ಟ್ ಅಂತ ಹೆಸರು ಬದಲಿಸಿಕೊಂಡದ್ದು, 2024ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಐಎಕ್ಸ್‌ಗೆ ಸೇರಿತು. ಇಂದು ಯಾರಿಗೂ ಬೇಡದ ಐ5 ಪಾಸು ಹತ್ತು ವರ್ಷ ಕಳೆದರೆ ನೀವೇ ಹುಡುಕುತ್ತೀರಿ. ನಮ್ಮ ಕಾಸರಗೋಡಿನ ಗಲ್ಫ್ ಮನೆಗಳಲ್ಲಿ ಐಎಕ್ಸ್ ಪಾಸು ಕಟ್ಟುಕಟ್ಟು ಉಂಟು. ಮನೆಗೆ ಸುಣ್ಣಬಣ್ಣ ಹೊಡೆಯುವ ಮೊದಲು ಹೋಗಿ ಕೇಳಿ, ಇಲ್ಲದಿದ್ದರೆ ಗುಜರಿಯವ ಒಯ್ಯುತ್ತಾನೆ. ಅಲ್ಲಿ ಹಳೆಯ ಪುಸ್ತಕದ ಹಾಗಿನ ಟಿಕೆಟು ಸಿಕ್ಕಿದರೆ, ಅಂದರೆ 2008ರ ಜೂನಿಗೆ ಮೊದಲಿನದ್ದು, ಹಿಂದಿನ ಕೆಂಪು ಕಾರ್ಬನ್ ಪಕ್ಕದ ಹಾಳೆಗೆ ಹತ್ತುತ್ತದೆ. ನಡುವೆ ಕಾಗದ ಇಡಿ. ಟಿಕೆಟ್ ನಂಬ್ರದ ಮೊದಲ ಮೂರು ಅಂಕಿ ಕಂಪೆನಿಯದ್ದು: 098 ಏರ್ ಇಂಡಿಯಾ, 589 ಜೆಟ್. ಹರಿದ ಟಿಕೆಟಿಗೂ ಅದು ಸಾಕು.

ಕೇಳುವಾಗ ಒಂದು ಎಚ್ಚರ. 2010 ಮೇ 22ರಂದು ಬಜ್ಪೆಯ ವಿಮಾನ ಅಪಘಾತದಲ್ಲಿ ತೀರಿಹೋದ 158 ಜನರಲ್ಲಿ ನಮ್ಮ ಜಿಲ್ಲೆಯವರು ಎಷ್ಟೋ ಮಂದಿ. ಆ ಮನೆಗಳಿಗೆ ಹೋಗಿ ಟಿಕೆಟು ಉಂಟಾ ಅಂತ ಕೇಳಬೇಡಿ. ಆ ದಿನದ್ದು ಅಂತ ಏನಾದರೂ ಮಾರಲು ಹಾಕಿದವರನ್ನು ಅಡ್ಮಿನ್ ಆ ಕ್ಷಣವೇ ಹೊರಗೆ ಹಾಕಲಿ.

ಇಡುವ ಕ್ರಮಕ್ಕೆ ಬಂದರೆ, ನಮ್ಮ ಮಳೆಯೇ ಶತ್ರು. ಮಳೆಗಾಲದ ಆಟಿ ತಿಂಗಳಲ್ಲಿ ಕಪಾಟಿನ ಒಳಗೆ ಬೂಸ್ಟು ಹಿಡಿಯುತ್ತದೆ. ಪೇಟೆಯಲ್ಲಿ ಸಿಗುವ ಪಿವಿಸಿ ತೊಟ್ಟೆಯ ಆಲ್ಬಂ ಬೇಡವೇ ಬೇಡ, ಅದರ ಎಣ್ಣೆ ಥರ್ಮಲ್ ಅಕ್ಷರ ತಿಂದುಬಿಡುತ್ತದೆ. ಪಾಲಿಯೆಸ್ಟರ್ ತೊಟ್ಟೆ, ಮೈಲಾರ್ ಅನ್ನುತ್ತಾರೆ, ದುಬಾರಿ ಆದರೂ ಅದೇ ತೆಗೆದುಕೋ. ಫೆವಿಕಾಲ್ ಮರಕ್ಕೆ ಬಹಳ ಒಳ್ಳೇದು, ಮರಕ್ಕೇ ಇಡು. ಸೆಲ್ಲೋಟೇಪು ಮುಟ್ಟಿಸಬೇಡ. ಬರೆಯಲು 2ಬಿ ಪೆನ್ಸಿಲ್, ಅದೂ ತೊಟ್ಟೆಯ ಹೊರಗಿನ ಚೀಟಿಯಲ್ಲಿ. ಅಜ್ಜಿಯ ಕಲೆಂಬಿಯಲ್ಲಿ, ಅಂದರೆ ಮರದ ದೊಡ್ಡ ಪೆಟ್ಟಿಗೆಯಲ್ಲಿ, ಇಟ್ಟರೆ ಒರಲೆ ಬಾರದು ಅಂತ ಒಬ್ಬರು ಕಳೆದ ವರ್ಷ ಬರೆದಿದ್ದರು. ಒರಲೆ ಬರಲಿಲ್ಲ ಸರಿ, ಒಳಗೆ ಹಾಕಿದ ನುಸಿಗುಳಿಗೆ ಎರಡು ಪಾಸಿನ ಅಕ್ಷರವನ್ನು ಮಸುಕು ಮಾಡಿತು, ಅದು ನನ್ನ ಕಲೆಂಬಿಯಲ್ಲೇ. ಈಗ ಸ್ಟೀಲ್ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ಪೊಟ್ಟಣ ಬಿಸಿಲಿಗೆ. ಪೊಟ್ಟಣ ಮಾತ್ರ ಬಿಸಿಲಿಗೆ ಮಾರಾಯ, ಪಾಸಲ್ಲ.

ಎಷ್ಟೇ ಜೋಪಾನ ಮಾಡಿದರೂ ಥರ್ಮಲ್ ಅಕ್ಷರ ನಿಧಾನಕ್ಕೆ ಹೋಗಿಯೇ ಹೋಗುತ್ತದೆ. ನಾಳೆ ಆ ಅಂಗಡಿಗೆ ಹೋಗುವುದಿದ್ದರೆ ಹೋಗು, ಆದರೆ ಸ್ಕ್ಯಾನ್ ಮಾತ್ರ ಮಾಡಿಸು, 600 ಡಿಪಿಐ, ಬಣ್ಣದಲ್ಲಿ, ಹಿಂಬದಿಯನ್ನೂ. ಫೋಟೋದಲ್ಲಿ ಫ್ಲೈಟ್ ನಂಬ್ರದ ಮೇಲೆ ನಿನ್ನ ಹೆಬ್ಬೆರಳು ಬಿದ್ದಿದೆ, ಅದನ್ನು ತೆಗೆದು ಇನ್ನೊಮ್ಮೆ ಹಾಕು. ಡಿಎನ್‌ ಉಂಟಾ ಐಟಿ ಉಂಟಾ ನೋಡುವ.